ಬಾಣಂತಿ ಕೋಣೆಯ ಗಡಿಗೆ

ಮಗಳ ಬಾಣಂತನಕ್ಕೆ ಬೇಕಾದ್ದನ್ನೆಲ್ಲ ಒಂದೊಂದೇ ಕೂಡಿಟ್ಟಿದ್ದೆ. ಕೊಬ್ಬರಿ, ಅಂಟು, ಉತ್ತುತ್ತಿ, ತೊಳೆದು ತೊಳೆದು ಮೆತ್ತಗಾದ ನನ್ನ ಹಳೆ ಸೀರೆಗಳು, ಹಂಡೆ ಒಲೆಗೆ ಒಣ ಸೌದೆ. ಸೊಳ್ಳೆಯ ಯೋಚನೆ ಮಾತ್ರ ತಲೆಗೆ ಬಂದಿರಲಿಲ್ಲ.

ನಮ್ಮ ಮನೆ ಇರುವುದು ಚನ್ನಗಿರಿಯ ಅಂಚಿನಲ್ಲಿ, ಮಗಳನ್ನು ಕೊಟ್ಟಿದ್ದು ನ್ಯಾಮತಿಗೆ. ಮಳೆ ಹಿಡಿದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಕೂಸಿನ ಹೊಕ್ಕುಳು ಉದುರುವ ಮೊದಲೇ ಪಕ್ಕದ ಮನೆಯ ಸೊಸೆಗೆ ಡೆಂಗಿ ಜ್ವರ ಬಂದು ದಾವಣಗೆರೆಯಲ್ಲಿ ಆಸ್ಪತ್ರೆಗೆ ಸೇರಿಸಿದರು. ವಾಪಸು ಬಂದಾಗ ಗೇಟಿನಿಂದ ಬಾಗಿಲಿಗೆ ಹೋಗುವಷ್ಟರಲ್ಲಿ ಆ ಹುಡುಗಿ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಅದನ್ನು ನೋಡಿದ ಮೇಲೆ ನನಗೆ ಕೂಸಿನ ಕೆನ್ನೆ ಬಿಟ್ಟು ಬೇರೆ ಕಡೆ ಕಣ್ಣು ಹೋಗಲಿಲ್ಲ. ಎಲ್ಲಿ ಕೆಂಪು ಚುಕ್ಕೆ ಕಂಡರೂ ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ಸೊಳ್ಳೆ ನಮಗೇನು ಹೊಸದಲ್ಲ. ನಮ್ಮ ಗದ್ದೆ ಸೂಳೆಕೆರೆಯ ಕೆಳಗಿದೆ. ಕತ್ತಲಾದರೆ ಕಿವಿಯ ಹತ್ತಿರ ಗುಂಯ್‌ಗುಟ್ಟುವ ಗದ್ದೆ ಸೊಳ್ಳೆಯ ಜೊತೆಗೇ ಸಂಸಾರ ಮಾಡಿದವಳು ನಾನು. ಅದೇ ರೂಢಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಕಿಟಕಿ ಮುಚ್ಚುತ್ತಿದ್ದೆ. ಕೆಂಡಕ್ಕೆ ಬೇವಿನ ಸೊಪ್ಪು, ಬೆಳ್ಳುಳ್ಳಿ ಸಿಪ್ಪೆ ಹಾಕಿ ಮನೆಯೆಲ್ಲ ಹೊಗೆ ತೋರಿಸುತ್ತಿದ್ದೆ. ಅಳಿಯ ಗೋಡೆಗೆ ಚುಚ್ಚುವ ಸೊಳ್ಳೆ ಮಿಷನ್ನು ತಂದುಕೊಟ್ಟ. ಒಂದು ಬೆಳಿಗ್ಗೆ ನೋಡಿದರೆ ಸೊಳ್ಳೆಯೊಂದು ಅದರ ನೆತ್ತಿಯ ಮೇಲೇ ಕೂತಿದೆ.

"ಪಾಪ, ಮಳೆಗಾಲ. ಚಳಿ ಕಾಯಿಸ್ಕೊಳ್ಳಾಕೆ ಬಂದೈತೆ, ಬಿಡು," ಎಂದರು ನಮ್ಮತ್ತೆ.

ಪಕ್ಕದ ಮನೆಯ ಜ್ವರದ ಸುದ್ದಿಗೆ ನಮ್ಮ ಬೀದಿಗೆ ಹೊಗೆ ಬಿಡುವ ಗಾಡಿಯೂ ಬಂತು. ಅದರ ಸದ್ದು ಕೇಳಿದ್ದೇ ತಡ, ಅತ್ತೆ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಬಾಗಿಲು ಕಿಟಕಿ ಎಲ್ಲ ಜಡಿದೆವು. ಬಾಣಂತಿ ಕೋಣೆಯ ಬಾಗಿಲ ಸಂದಿಗೆ ಹಸಿ ಬಟ್ಟೆ ತುರುಕಿದೆವು. ಆ ಘಾಟು ಹಸುಗೂಸಿಗೆ ತಾಗಬಾರದಲ್ಲ. ಹೊಗೆಯೆಲ್ಲ ಬೀದಿಗಾಯಿತು, ಒಳಗಿದ್ದ ಸೊಳ್ಳೆಗಳು ಬಾಣಂತಿಯ ಜೊತೆ ಬೆಚ್ಚಗೆ ಉಳಿದವು.

ಆಶಾ ಕಾರ್ಯಕರ್ತೆ ಬಂದು, ಡ್ರಮ್ಮು ತೊಟ್ಟಿ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿರಿ ಎಂದು ಹೇಳಿ ಹೋದಳು. ನನ್ನ ತವರು ಜಗಳೂರು. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ನೆನೆಸಿ, ಆ ನೀರನ್ನು ಮತ್ತೆ ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದ ಮನೆಯಲ್ಲಿ ಬೆಳೆದವಳಿಗೆ ತುಂಬಿದ ಡ್ರಮ್ಮು ಬಗ್ಗಿಸುವುದು ಎಂದರೆ ಪಾಪ ಮಾಡಿದಂತೆ. ಆದರೂ ಬಗ್ಗಿಸಿದೆ. ತೆಂಗಿನ ನಾರು ಹಿಡಿದು ಒಳಗೋಡೆಯೆಲ್ಲ ತಿಕ್ಕಿದೆ. ಫ್ರಿಜ್ಜಿನ ಹಿಂದಿನ ತಟ್ಟೆ, ಕೋಳಿಗೆ ನೀರಿಡುವ ಚಿಪ್ಪು, ಒಂದನ್ನೂ ಬಿಡಲಿಲ್ಲ.

ಆಮೇಲೂ ಮಗಳ ಪಾದದ ಮೇಲೆ ದದ್ದು ಏಳುವುದು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಅವಳ ಮೈ ಕೆಂಡವಾಗಿತ್ತು. ನನ್ನ ಗಂಡ ಕಾರು ಮಾಡಿಸಿ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆಗೆ ಕೊಡಿಸಿ ಕರೆತಂದರು. ರಿಪೋರ್ಟು ಸಂಜೆಗೆ ಅಂದರು.

ಅವತ್ತು ನಾನು ಅಡುಗೆ ಮನೆಗೆ ಹೋಗಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಗಳ ಕಾಲ ಹತ್ತಿರ ಕೂತೆ. ಹಾಡಹಗಲು. ಒಂದು ಸೊಳ್ಳೆ ಬಂತು, ಸದ್ದೇ ಇಲ್ಲ. ಕಪ್ಪು ಮೈ, ಕಾಲಿಗೆ ಬಿಳಿ ಬಳೆ ತೊಟ್ಟಂತೆ ಪಟ್ಟೆ. ಮುಖದ ಕಡೆ ಹೋಗಲಿಲ್ಲ, ನೇರ ಹಿಮ್ಮಡಿಗೇ ಇಳಿಯಿತು. ಕೈ ಬೀಸಿದೆ. ಹೊರಗೆ ಹಾರಲಿಲ್ಲ, ಮಂಚದ ಕೆಳಗೆ ಹೊಕ್ಕು, ಅಲ್ಲಿಂದ ತಲೆದಿಂಬಿನ ಕಡೆಯ ಮೂಲೆಗೆ ಹೋಯಿತು. ಇನ್ನೊಂದು ಬಂತು, ಅದೂ ಅದೇ ಮೂಲೆಗೆ. ಮುಚ್ಚಿದ ಕೋಣೆಗೆ ಇವು ಬರುವುದಾದರೂ ಎಲ್ಲಿಂದ ಎಂದುಕೊಂಡಿದ್ದೆ. ಇವು ಬರುತ್ತಲೇ ಇರಲಿಲ್ಲ, ಇಲ್ಲಿಯವೇ.

ಆ ಮೂಲೆಯಲ್ಲಿ ಅತ್ತೆಯ ಗಂಗೆ ಗಡಿಗೆ ಇತ್ತು.

ಇದು ಅವರ ತವರಿನ ಪದ್ಧತಿ. ಅವರ ತವರು ಹೊನ್ನಾಳಿ ತಾಲೂಕಿನ ಸಾಸ್ವೆಹಳ್ಳಿ. ಹೆರಿಗೆಗೆ ಮಗಳು ಬಂದ ದಿನ ಹೊಳೆಯಿಂದ ಮಣ್ಣಿನ ಗಡಿಗೆಯಲ್ಲಿ ನೀರು ತಂದು ಕೋಣೆಯ ಮೂಲೆಗೆ ಇಡಬೇಕು. ಬಾಯಿಗೆ ಮಾವಿನೆಲೆ, ಮೇಲೆ ತೆಂಗಿನಕಾಯಿ. ಸೋಮವಾರ ಸೋಮವಾರ ಎಲೆ ಬದಲಿಸಿ, ಇಳಿದಷ್ಟು ನೀರು ತುಂಬಬೇಕು. ಕೂಸನ್ನು ತೊಟ್ಟಿಲಿಗೆ ಹಾಕುವ ತನಕ ಗಡಿಗೆ ಬರಿದಾಗಬಾರದು. ಮನೆಯ ಚಿಪ್ಪನ್ನೂ ಬಿಡದೆ ಬಗ್ಗಿಸಿದ ನನಗೆ ಅದು ನೀರಿರುವ ಪಾತ್ರೆ ಎಂದೇ ಹೊಳೆದಿರಲಿಲ್ಲ. ಅದು ದೇವರು.

ಕಾಯಿ ಎತ್ತಿ ಮೊಬೈಲಿನ ಟಾರ್ಚು ಬಿಟ್ಟೆ. ಏನೂ ಕಾಣಲಿಲ್ಲ. ಕೈ ಅಲ್ಲಾಡಿಸದೆ ಕಾದೆ. ಸ್ವಲ್ಪ ಹೊತ್ತಿಗೆ ತಳದಿಂದ ಕೊಂಕುತ್ತಾ ಕೊಂಕುತ್ತಾ ಸಣ್ಣ ಹುಳಗಳು ಮೇಲೆದ್ದು ತಲೆಕೆಳಗಾಗಿ ನೇತುಬಿದ್ದವು. ನನ್ನ ನೆರಳು ಬಿದ್ದ ಕೂಡಲೇ ಮತ್ತೆ ತಳ ಸೇರಿದವು. ಪೊರೆ ಬಂದ ಅತ್ತೆಯ ಕಣ್ಣಿಗೆ ಇವು ಕಾಣುವುದಾದರೂ ಹೇಗೆ!

ಕಾಯಿ ಮೊದಲಿನಂತೆ ಇಟ್ಟು ಕೂತೆ. ಅತ್ತೆಗೆ ಹೇಳಬೇಕು, ಹೇಗೆ ಹೇಳಲಿ? ಅವರ ಚೊಚ್ಚಲ ಹೆರಿಗೆಗೆ ಏನೋ ಜಗಳವಾಗಿ ಗಂಡನ ಮನೆಯಲ್ಲೇ ಉಳಿಯಬೇಕಾಯಿತು, ತವರಿಂದ ಗಡಿಗೆ ಬರಲಿಲ್ಲ, ಆ ಕೂಸು ಉಳಿಯಲಿಲ್ಲ. ಇದನ್ನು ಅವರು ನನಗೆ ಹೇಳಿದ್ದು ನನ್ನ ಬಾಣಂತನದಲ್ಲಿ, ತಲೆಗೆ ಎಣ್ಣೆ ತಟ್ಟುತ್ತಾ. ಆಮೇಲೆ ಆ ಮಾತು ಎತ್ತಿದವರಲ್ಲ. ಗಡಿಗೆ ಬಗ್ಗಿಸಿ ಎಂದರೆ ಅವರ ಪಾಲಿಗೆ ಕೂಸಿನ ಕಾವಲು ತೆಗೆದಂತೆ. ಬಿಟ್ಟರೆ ನನ್ನ ಮಗಳ ಗತಿ?

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಆರೋಗ್ಯ ಇಲಾಖೆಯವಳು, ಸೊಳ್ಳೆ ಹುಳ ಹುಡುಕುತ್ತಾ ಬೀದಿಯ ಮನೆಗಳನ್ನೆಲ್ಲ ನೋಡಿಕೊಂಡು ಬಂದಿದ್ದಳು. ಕೈಯಲ್ಲಿ ಸಣ್ಣ ಬಾಟಲಿಗಳು. "ಆಂಟಿ, ನಿಮ್ಮ ಡ್ರಮ್ಮೆಲ್ಲ ಕ್ಲೀನ್ ಅದಾವೆ," ಎಂದಳು. ನಾನು ತಡೆಯಲಾರದೆ ಮೂಲೆ ತೋರಿಸಿದೆ. ಹಿಂದೆಯೇ ಅತ್ತೆಯೂ ಬಂದು ನಿಂತಿದ್ದರು.

"ಅದನ್ನ ಯಾಕೆ ಮುಟ್ತೀಯವ್ವ? ಗಂಗವ್ವ ಅದು."

"ಅಜ್ಜಿ, ಹುಳ ಅದಾವೆ ನೋಡ್ರಿ." ಹುಡುಗಿ ಸೌಟಿನಲ್ಲಿ ನೀರೆತ್ತಿ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿದಳು. ಅತ್ತೆ ಕಣ್ಣು ಕಿರಿದು ಮಾಡಿ, ಬಾಟಲಿಯನ್ನು ಮೂಗಿನ ತುದಿಗೆ ತಂದುಕೊಂಡು ನೋಡಿದರು.

"ಕುಣೀತಾವಲ್ಲೇ! ಇವನ್ನ ಏನ್ ಮಾಡ್ತೀ?"

"ಒಯ್ದು ಸಾಕ್ತೀವಿ ಅಜ್ಜಿ. ಸೊಳ್ಳೆ ಆದ್ಮೇಲೆ ಮದ್ದು ಹಚ್ಚಿದ ಕಾಗದದ ಜೊತೆ ಡಬ್ಬಿಯಾಗೆ ಬಿಟ್ಟು, ಸಾಯ್ತಾವೋ ಇಲ್ವೋ ಮರುದಿನ ನೋಡ್ತೀವಿ. ಅದೇ ಮದ್ದು ಹೊಡೆದೂ ಹೊಡೆದೂ ಸಾಯೋವೆಲ್ಲ ಸತ್ವು. ಸಾಯದೆ ಉಳಿದವು ಮೊಟ್ಟೆ ಇಡ್ತಾವೆ, ಮರಿಗಳೂ ಅಂಥವೇ ಆಕ್ಕಾವೆ."

"ಹಂಗಾರೆ ಗಟ್ಟಿ ಬಾಣಂತನ ಆಗೈತೆ ಅನ್ನು ಅವಕ್ಕೆ," ಎಂದರು ಅತ್ತೆ. ಹುಡುಗಿ ನಕ್ಕಳು, ಮಗಳೂ ಜ್ವರದಲ್ಲೇ ನಕ್ಕಳು. ಅತ್ತೆ ನಗಲಿಲ್ಲ. "ನಾನು ವಾರ ವಾರ ಹೊಸ ನೀರು ಹಾಕಿದೀನಲ್ಲವ್ವ?"

"ಮೊಟ್ಟೆ ನೀರಾಗಲ್ಲಜ್ಜಿ, ಗಡಿಗೆ ಗೋಡೆಗೆ ಅಂಟ್ಕೊಂಡಿರ್ತಾವೆ. ಒಣಗಿದ್ರೂ ಸಾಯಲ್ಲ. ನೀವು ನೀರು ತುಂಬಿಸಿದಾಗ ನೆನೆದು ಒಡೀತಾವೆ."

ಅತ್ತೆಯ ಮುಖ ಬಾಡಿತು. ಮಂಚದ ಅಂಚಿಗೆ ಕೂತು ಮೊಮ್ಮಗಳ ಪಾದ ಸವರಿದರು. ದದ್ದುಗಳ ಮೇಲೆ ಬೆರಳು ನಿಂತು ನಿಂತು ಹೋಗುತ್ತಿತ್ತು. ನಾನು ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೆ: "ಅತ್ತೆ, ಬಾಣಂತಿಗೆ ದಿನಾ ಎರೀತೀವಿ. ಗಂಗವ್ವನಿಗೂ ವಾರಕ್ಕೊಂದು ಸಲ ಎರೆಯೋಣ್ರಿ. ತಿಕ್ಕಿ ತೊಳೆದು, ಕೂಡಲೇ ತುಂಬಿಸಿ ಇಟ್ಟುಬಿಡೋಣ."

ಅತ್ತೆ ಗಡಿಗೆಯ ಕಡೆ ತಿರುಗಿದರು. "ಬರಿದು ಇರಬಾರದು ನೋಡು."

"ಇಲ್ರಿ. ತುಂಬಿದ ಕೊಡ ಪಕ್ಕದಲ್ಲೇ ಇಟ್ಕೊಂಡಿರ್ತೀನಿ."

ಅತ್ತೆ ಗಡಿಗೆಯನ್ನು ಬೇರೆಯವರಿಗೆ ಮುಟ್ಟಗೊಡಲಿಲ್ಲ. ಹಿತ್ತಿಲಿಗೆ ತಾವೇ ಎತ್ತಿಕೊಂಡು ಹೋಗಿ, ಬಿಸಿಲು ಬಿದ್ದ ಒಣ ನೆಲಕ್ಕೆ ನೀರು ಸುರಿದರು. ನಾರಿನಿಂದ ಒಳಗೆ ಕೈ ಹಾಕಿ, ಕೂಸಿನ ಬೆನ್ನು ತಿಕ್ಕುವ ಹಾಗೆ ಸುತ್ತ ತಿಕ್ಕಿದರು. ನಾನು ಕೊಡ ಬಗ್ಗಿಸಿದೆ. ತುಂಬುವ ತನಕ ಅವರ ಬಾಯಲ್ಲಿ ಏನೋ ಪಿಸುಮಾತು ನಡೆದೇ ಇತ್ತು. ಕೇಳಿಸಿಕೊಳ್ಳಲು ನಾನು ಹೋಗಲಿಲ್ಲ.

ಸಂಜೆ ರಿಪೋರ್ಟು ಬಂತು. ಡೆಂಗಿ ಇಲ್ಲ. ಎದೆಹಾಲು ಕಟ್ಟಿಕೊಂಡು ಬಂದ ಜ್ವರ ಅಂದರು ಡಾಕ್ಟರು. ನಾನು ಅಡುಗೆ ಮನೆಗೆ ಹೋಗಿ ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಆಮೇಲೆ ಸಾರಿಗೆ ಒಗ್ಗರಣೆ ಹಾಕಿದೆ.

ಕೆಲವು ವಾರ ಕಳೆದು ಆ ಹುಡುಗಿ ಮತ್ತೆ ಬಂದಿದ್ದಳು. ನಮ್ಮ ಬೀದಿಯ ಸೊಳ್ಳೆಗಳಲ್ಲಿ ಬಹಳಷ್ಟು ಮದ್ದಿನ ಡಬ್ಬಿಯಿಂದ ಹೊರಬಂದು ಮರುದಿನವೂ ಹಾರಾಡುತ್ತಿದ್ದವಂತೆ. ಅಷ್ಟೊತ್ತಿಗೆ ಕೂಸು ಇನ್ನೂ ತೊಟ್ಟಿಲಿಗೆ ಬಿದ್ದಿರಲಿಲ್ಲ. ಅಳಿಯನ ಮನೆಯವರಿಗೆ ಒಳ್ಳೆ ದಿನ ಕೂಡಿ ಬಂದಿರಲಿಲ್ಲ. ಅತ್ತೆ ಅವಳನ್ನು ಕೋಣೆಗೆ ಕರೆದು ಗಡಿಗೆ ತೋರಿಸಿದರು. ಮಾವಿನೆಲೆ, ಕಾಯಿ ಎರಡರ ಕೆಳಗೂ ನನ್ನ ಹಳೆ ಸೀರೆಯ ತೆಳು ತುಂಡೊಂದನ್ನು ಗಡಿಗೆಯ ಕೊರಳಿಗೆ ಬಿಗಿದು ಕಟ್ಟಿದ್ದರು. ಮಂಚದ ಮೇಲೆ ಅದೇ ಸೀರೆಯ ಇನ್ನೊಂದು ತುಂಡನ್ನು ತಲೆಗೆ, ಕಿವಿಗೆ ಸುತ್ತಿಕೊಂಡು ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು.

"ಇಬ್ರಿಗೂ ಗಾಳಿ ತಾಗಬಾರದಲ್ಲವ್ವ," ಎಂದರು ಅತ್ತೆ.