ಪೆಟ್ಟಿಗೆಯ ಮಗುವಿಗೆ ಸರಳೆ ವರಸೆ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಸಾಂಬ್ರಾಣಿ ಹೊಗೆ ನಮ್ಮ ಅಡುಗೆಮನೆಯವರೆಗೂ ಬಂತು. ಬಾಣಂತಿ ಇರುವ ಮನೆ. ಮಧ್ಯಾಹ್ನ ಮಗುವನ್ನು ತೊಟ್ಟಿಲಿಗೆ ಹಾಕುತ್ತೇವೆಂದು ನಮ್ಮನ್ನೂ ಕರೆದಿದ್ದರು. ಜಯನಗರದಲ್ಲಿ ಈಗಲೂ ಇಂಥ ಹೊಗೆ ಏಳುತ್ತದೆಂದು ನಿಮಗೆ ಸಂತೋಷವಾಗಬಹುದು. ನಾನು ಮಾತ್ರ ಎದ್ದು ಅಡುಗೆಮನೆಯ ಕಿಟಕಿ ಮುಚ್ಚಿದೆ. ನಮ್ಮ ಪುಟ್ಟಿಗೆ ಅದು ಸಿಗಲಿಲ್ಲ. ಏಳನೇ ತಿಂಗಳಿಗೇ ಹುಟ್ಟಿದವಳು. ಹೊಗೆ ಅವಳ ಹತ್ತಿರವೂ ಸುಳಿಯಬಾರದು ಎಂದಿದ್ದರು ಡಾಕ್ಟರು.

ಆಗ ಅವಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ತುಸು ಚೇತರಿಸಿಕೊಂಡ ಮೇಲೆ ಸಿಸ್ಟರ್ ಒಬ್ಬರು ನನ್ನ ಹೆಂಡತಿ ವಸುಧಾಳಿಗೆ, "ಮೇಡಂ, ಮಗೂನ ಎದೆ ಮೇಲೆ ಮಲಗಿಸ್ಕೊಂಡು ಹಾಡಿ. ಅಮ್ಮನ ದನಿ ಕೇಳಿದ್ರೆ ಚೆನ್ನಾಗಿ ಬೆಳೀತಾರೆ" ಅಂದರು. ಪದ್ಮನಾಭನಗರದಲ್ಲಿ ಸಂಗೀತದ ಕ್ಲಾಸ್ ನಡೆಸುತ್ತಿದ್ದವಳಿಗೆ ಹಾಡು ಎಂದು ಹೇಳಬೇಕೇ? ಆದರೆ ನಮ್ಮಮ್ಮ ಅಡ್ಡ ಬಂದರು. "ತೊಟ್ಟಿಲಿಗೆ ಹಾಕೋ ಮುಂಚೆ ಜೋಗುಳ ಹಾಡ್ಬಾರ್ದಮ್ಮ. ಒಳ್ಳೇದಾಗಲ್ಲ." ನಾವು ಓದಿದವರು, ಇದನ್ನೆಲ್ಲ ನಂಬುವವರಲ್ಲ. ಆದರೆ ಆ ಪೆಟ್ಟಿಗೆಯ ಮುಂದೆ ನಿಂತಾಗ ಯಾವುದನ್ನೂ ನಂಬದೆ ಇರಲು ಧೈರ್ಯ ಬರುವುದಿಲ್ಲ.

ವಸುಧಾಳೇ ದಾರಿ ಕಂಡುಕೊಂಡಳು. ಜೋಗುಳ ಬೇಡ, ಸರಳೆ ವರಸೆ ಹಾಡಿದರೆ ಯಾರೂ ತಪ್ಪೆನ್ನಲಾರರು. ಸಂಗೀತಕ್ಕೆ ಸೇರಿದ ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠ ಅದು. ಅಂಗೈಯಷ್ಟಿದ್ದ ಮಗುವನ್ನು ಎದೆಗೆ ಆನಿಸಿಕೊಂಡು ಸ ರಿ ಗ ಮ ಎಂದು ಮೆಲ್ಲಗೆ ಶುರುಮಾಡುತ್ತಿದ್ದಳು. "ಫೀಸ್ ಯಾರ ಹತ್ರ ಕೇಳ್ತೀಯ?" ಎಂದು ನಾನು ರೇಗಿಸುತ್ತಿದ್ದೆ. ನನಗೂ ಹಾಡುವ ಆಸೆಯಿತ್ತು; ನನ್ನ ಶ್ರುತಿಗೆ ಮಾನಿಟರ್ ಕೂಗಿಕೊಂಡೀತೆಂದು ಅವಳು ಬಿಡಲಿಲ್ಲ. ಮಗುವಿನ ತೂಕ ಏರುತ್ತಾ ಹೋಯಿತು. ಎಲ್ಲಾ ಹಾಡಿನ ಮಹಿಮೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆವು.

ಮನೆಗೆ ಬಂದು ಕೆಲವು ತಿಂಗಳಾದರೂ, ಪಾತ್ರೆ ಬಿದ್ದರೆ ಪುಟ್ಟಿ ಬೆಚ್ಚುತ್ತಿರಲಿಲ್ಲ. ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಕೇಳಿಸುತ್ತಿಲ್ಲ, ಬಹುಶಃ ಹುಟ್ಟಿದಾಗಿನಿಂದಲೂ, ಎಂದರು. ಆಟೋದಲ್ಲಿ ವಾಪಸ್ ಬರುವಾಗ ವಸುಧಾ ಒಂದೇ ಮಾತು ಕೇಳಿದಳು: "ಹಾಗಾದ್ರೆ ಅಷ್ಟು ದಿನ ನಾನು ಹಾಡಿದ್ದು ಯಾರಿಗೆ?" ದನಿಯ ಕಂಪನವಾದರೂ ಮಗುವಿಗೆ ತಾಗಿರುತ್ತದೆ ಎಂದು ನಾನು ಏನೇನೋ ಸಮಾಧಾನ ಹೇಳಿದೆ. ಕ್ಲಾಸ್ ನಿಂತಿತು. ಆಮೇಲೆ ಅವಳು ಹಾಡಿದ್ದನ್ನು ನಾನು ಕೇಳಿಲ್ಲ.

ಆಪರೇಷನ್ ಆಗಿ ಪುಟ್ಟಿಯ ಕಿವಿಯ ಹಿಂದೆ ಕೇಳಿಸುವ ಮಷೀನ್ ಬಂತು. ಮಾತು ತಡವಾಗಿ, ಒಂದೊಂದಾಗಿ ಬಂತು. ಈಗ ಏಳು ವರ್ಷ. ಉಚ್ಚಾರ ಇನ್ನೂ ಅಸ್ಪಷ್ಟ, ಬಾಯಿ ಮಾತ್ರ ಜೋರು.

ಮಧ್ಯಾಹ್ನ ಪಕ್ಕದ ಮನೆಯಲ್ಲಿ ಹೆಂಗಸರು ತೊಟ್ಟಿಲು ತೂಗಿ ಹಾಡಿದರು. ಪುಟ್ಟಿ ಕತ್ತು ವಾಲಿಸಿ ಪೂರ್ತಿ ಕೇಳಿ, ತಾಯಿಯ ಸೆರಗು ಎಳೆದಳು.

"ಅಮ್ಮಾ, ನಾನು ಪಾಪು ಇದ್ದಾಗ ನೀನು ಹಾಡಿದ್ಯಾ?"

ವಸುಧಾ ನನ್ನ ಕಡೆ ನೋಡಲಿಲ್ಲ. "ಇಲ್ಲ ಕಂದ, ಹಾಡ್ಲಿಲ್ಲ" ಎಂದಳು.

ಹಾಡಿದ್ದು ನಿನಗೆ ಕೇಳಿಸಲಿಲ್ಲ ಎನ್ನುವುದಕ್ಕಿಂತ, ಹಾಡಲೇ ಇಲ್ಲ ಎನ್ನುವುದು ಅವಳಿಗೆ ಸುಲಭವಾಗಿ ಕಂಡಿರಬೇಕು. ಪುಟ್ಟಿ ಅಮ್ಮನ ಕೆನ್ನೆ ಸವರಿದಳು.

"ಪರ್ವಾಗಿಲ್ಲ ಬಿಡಮ್ಮ" ಎಂದಳು.