ತಂದೆಯಾಗಲು ಎರಡು ದಿನದ ತರಬೇತಿ

ತರಬೇತಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಕಾಫಿ ಗಿಡದ ರೆಂಬೆ ಸವರುವ ತರಬೇತಿ ಮುಗಿಸಿ ಬಂದ ವರ್ಷ, ನಾನು ಕತ್ತರಿ ಮುಟ್ಟಿಸಿದ ಗಿಡಗಳೆಲ್ಲ ಮುನಿಸಿಕೊಂಡು ಹೂವನ್ನೇ ಬಿಡಲಿಲ್ಲ. ಹಾಗಾಗಿ, ಆಸರೆ ತಪ್ಪಿದ ಮಗುವನ್ನು ಕೆಲವು ಕಾಲ ಮನೆಯಲ್ಲಿಟ್ಟುಕೊಂಡು ಸಾಕುವವರಿಗೆ ಚಿಕ್ಕಮಗಳೂರಿನಲ್ಲಿ ಎರಡು ದಿನದ ತರಬೇತಿ ಇದೆ ಎಂದಾಗ ನಕ್ಕೆ. ನಮ್ಮಪ್ಪ ಯಾವ ಸರ್ಟಿಫಿಕೇಟೂ ಇಲ್ಲದೆ ಐದು ಮಕ್ಕಳನ್ನು ಬೆಳೆಸಿದ್ದರು.

"ಅದಕ್ಕೇ ನೀವು ಹೀಗಿರೋದು" ಎಂದಳು ಹೆಂಡತಿ ಸುಮ. ಹೋದೆವು.

ಪಾಠ ಹೇಳಿದಾಕೆ ನನ್ನ ಅರ್ಧ ವಯಸ್ಸಿನವಳು. "ಮಗು ತನ್ನ ಮನೆಯ ಕಥೆ ಹೇಳಿದ್ರೆ ತಿದ್ದಬೇಡಿ. ಅದರ ಹತ್ರ ಉಳಿದಿರೋದು ಅಷ್ಟೇ."

ಇತಿಹಾಸದಲ್ಲಿ ಎಂ.ಎ. ಮಾಡಿದ ನಾನು ಕೈ ಎತ್ತಿದೆ. "ಕಥೆ ಸುಳ್ಳಾದರೆ?"

ಪಕ್ಕದಲ್ಲಿ ಕೂತಿದ್ದ ಕೊಟ್ಟಿಗೆಹಾರದ ಮೆಕ್ಯಾನಿಕ್ ಹಮೀದ್ ತಡೆಯಲಾರದೆ, "ಆದ್ರೆ ಆಗ್ಲಿ ಮಾರಾಯ್ರೆ, ನೀವೇನು ಪೊಲೀಸಾ?" ಎಂದರು. ಇಡೀ ಕೋಣೆ ನಕ್ಕಿತು. ಸುಮ ನಗಲಿಲ್ಲ. ಮದುವೆಮನೆಯಲ್ಲೂ ಮುದುಕರ ನೆನಪುಗಳಿಗೆ ಆಧಾರ ಕೇಳುವ ನನ್ನ ಚಾಳಿ ಅವಳಿಗೆ ಗೊತ್ತು. ಬರಲಿರುವ ಮಗು ನನಗೆ ಹೆದರಿ ಬಾಯಿಯನ್ನೇ ಮುಚ್ಚಿಕೊಂಡರೆ ಎಂಬುದು ಅವಳ ಚಿಂತೆ.

ಆಮೇಲೆ ನಮ್ಮ ನಮ್ಮ ಬಾಲ್ಯದ ಒಂದು ನೆನಪು ಬರೆಯಲು ಹೇಳಿದರು. ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ರಾಶಿಗೆ ತಲೆಕೆಳಗಾಗಿ ಬಿದ್ದದ್ದನ್ನು ರಸವತ್ತಾಗಿ ಬರೆದೆ. ಊಟದ ಹೊತ್ತಿಗೆ ಅಕ್ಕನಿಗೆ ಫೋನ್ ಮಾಡಿ ಓದಿದರೆ, "ಬಿದ್ದಿದ್ದು ನಾನು ಮಾರಾಯ! ನೀನು ನಗ್ತಾ ನಿಂತಿದ್ದೆ" ಎನ್ನಬೇಕೇ! ಐವತ್ತು ವರ್ಷ ಬೇರೆಯವರ ಗಾಯವನ್ನು ನಾನು ತಡವಿಕೊಂಡಿದ್ದೆ. ಅದನ್ನು ಸುಮಳಿಗೆ ಹೇಳಲಿಲ್ಲ.

ಮಾರ್ಚ್ ತಿಂಗಳಲ್ಲಿ ಏಳು ವರ್ಷದ ಚಂದನ ಬಂದಳು. ನಾಲ್ಕು ದಿನ ಮಾತಿಲ್ಲ. ಐದನೆಯ ದಿನ, "ನಮ್ಮಮ್ಮ ಆನೇನ ಬೈದು ಓಡ್ಸಿದ್ರು" ಎಂದಳು. ಸುಮಳ ಕೈಯಲ್ಲಿದ್ದ ಸೌಟು ನಿಂತಿತು. ನಾನು, "ಎಷ್ಟು ದೊಡ್ಡ ಆನೆ?" ಎಂದೆ. ಅದು ಆಧಾರ ಕೇಳಿದಂತಲ್ಲ ಎಂದು ಇಂದಿಗೂ ನನ್ನ ವಾದ. ಅವಳು ತೋಳು ಚಾಚಿ ತೋರಿಸಿದಳು. ದೀಪಾವಳಿಯ ಹೊತ್ತಿಗೆ ಅವು ಮೂರು ಆನೆಗಳಾಗಿದ್ದವು.

ಮೊನ್ನೆ ಹಮೀದ್ ನಮ್ಮ ಜೀಪು ರಿಪೇರಿಗೆ ಬಂದಿದ್ದರು. ಚಂದನ ಅವರಿಗೆ ಸ್ಪ್ಯಾನರ್ ಕೊಡುತ್ತ, ನನ್ನತ್ತ ಕೈ ತೋರಿಸಿ, "ನಾನು ಬಂದ ದಿನ ಜೋರು ಮಳೆ. ಚಪ್ಪಲಿ ನೆನೀಬಾರ್ದು ಅಂತ ಮಾವ ನನ್ನ ಕೂಸುಮರಿ ಮಾಡ್ಕಂಡು ಬಂದ್ರು" ಎಂದಳು.

ಅಂದು ಸುಡುಬಿಸಿಲು. ಅವಳು ನಡೆದೇ ಬಂದಳು; ನಾನು ಎಲ್ಲೋ ಬೀಳಿಸಿದ್ದ ಬೀಗದ ಕೈ ಹುಡುಕುತ್ತಿದ್ದೆ. ಸುಮ ನನ್ನ ಮುಖ ನೋಡಿದಳು. ಹಮೀದ್ ಕೂಡ ಜೀಪಿನಡಿಯಿಂದ ತಲೆ ಹೊರಹಾಕಿದರು.

"ಎಂಥಾ ಮಳೆ ಅದು!" ಎಂದೆ.

ಈಗೀಗ ಆ ದಿನವನ್ನು ನೆನೆದರೆ, ನನ್ನ ಬೆನ್ನು ಒದ್ದೆಯಾಗಿಯೇ ಇತ್ತೇನೋ ಅನ್ನಿಸುತ್ತದೆ.