ಎತ್ತಿದ ಕೈ

ಅಘನಾಶಿನಿ ಹೊಳೆಯಲ್ಲಿ ಎದೆಮಟ್ಟದ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದ ನಮ್ಮ ನೆರೆಮನೆಯಾಕೆಯ ಪಕ್ಕದಲ್ಲಿ, ಸೊಂಟಕ್ಕೆ ಕಟ್ಟಿದ ಪಾತ್ರೆ ತೇಲುತ್ತಿತ್ತು. ಯಂತ್ರದ ದೋಣಿ ನುಗ್ಗಿ ಬಂದಾಗಲೆಲ್ಲ ಆಕೆ ಕೈಯೆತ್ತಿ ಕೂಗುತ್ತಿದ್ದಳು: “ಸಾವಕಾಶ ಹೋಗ್ರೋ, ನಿಮ್ಗೆ ಕಣ್ ಕಾಣುದಿಲ್ವಾ?” ಪ್ರವಾಸಿಗರು ಅದನ್ನು ಸ್ವಾಗತವೆಂದು ತಿಳಿದು ಕೈಬೀಸುತ್ತಿದ್ದರು. ಅಲೆಗೆ ಪಾತ್ರೆ ಮಗುಚಿ, ಹೆಕ್ಕಿದ್ದೆಲ್ಲ ತಳ ಸೇರುತ್ತಿತ್ತು. ಜೊತೆಯವರು ಒಬ್ಬೊಬ್ಬರಾಗಿ ಹೊಳೆ ಬಿಟ್ಟರು, ಆಕೆಯೊಬ್ಬಳೇ ಉಳಿದಳು.

ದೋಣಿಗಳ ವೇಗಮಿತಿಯನ್ನು ಏರಿಸುವ ಪ್ರಸ್ತಾವ ಕುಮಟಾದ ಸಭೆಗೆ ಬಂದಾಗ, “ವಿರೋಧವಿದ್ದವರು ಕೈಯೆತ್ತಿ” ಎಂದರು ಅಧಿಕಾರಿ. ಎದ್ದದ್ದು ಒಂದೇ ಕೈ.

“ದೋಣಿ ಎಷ್ಟಿದೆಯಮ್ಮ?”

“ನಂಗೆಂತ ದೋಣಿ ಸಾಯ್ಬ್ರೆ? ನಾ ನೀರಲ್ಲಿ ನಿಲ್ಲುವವ್ಳು.”

“ಹಾಗಾದರೆ ಕೈ ಇಳಿಸಿ. ಇದು ದೋಣಿಯವರ ಸಭೆ.”

ಆಕೆ ಇಳಿಸಲಿಲ್ಲ. ಆದರೂ ಪ್ರಸ್ತಾವಕ್ಕೆ ಸರ್ವಾನುಮತವಿತ್ತೆಂದು ಬರೆದುಕೊಂಡವರು ಉತ್ತರಿಸಲಿ: ಸಭೆ ಮುಗಿಯುವವರೆಗೂ ಎತ್ತಿಯೇ ಇದ್ದ ಆ ಕೈ ನಿಮಗೆ ಕಾಣಲಿಲ್ಲವೆ?